ಮಗ್ಗುಲಾದ ಪರದೆ



ಮನೆಯಲ್ಲಿರುವ ಲ್ಯಾಪ್‌ಟಾಪಿನ ಪರದೆಯ ಮೇಲಿನ ಚಿತ್ರವು ಒಂದು ದಿನ ಇದ್ದಕ್ಕಿದ್ದಂತೆ ಮಗ್ಗುಲಾಗಿ ಮಲಗಿದರೆ ಅಥವಾ ತಲೆಕೆಳಗಾಗಿ ನಿಂತರೆ ಏನು ಮಾಡಬೇಕು? ಕೇಳುವುದಕ್ಕೆ ಇದು ಅತಿ ಸಣ್ಣ ಪ್ರಶ್ನೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರು ನಗುತ್ತ ಕ್ಷಣಮಾತ್ರದಲ್ಲಿ ಉತ್ತರಿಸಿಯಾರು. ಆದರೆ ಮಕ್ಕಳು ದೂರದ ಊರುಗಳಲ್ಲಿದ್ದು ಹಿರಿಯರಿಬ್ಬರೇ ಇರುವ ಮನೆಗಳು ಈಗ ನಮ್ಮಲ್ಲಿ ಕಡಿಮೆಯೇನಲ್ಲ. ಅಂತಹ ಒಂದು ಮನೆಯಲ್ಲಿ ಈ ಸಣ್ಣ ಸಂಗತಿಯಿಂದಾಗಿ ಒಬ್ಬ ಹಿರಿಯರು ತಮ್ಮ ಬದುಕಿನುದ್ದಕ್ಕೂ ಮಾಡಿಕೊಂಡು ಬಂದ ಕೆಲಸವನ್ನೇ ಕೈಬಿಡುವ ನಿರ್ಧಾರಕ್ಕೆ ಬಂದಿದ್ದರು. ಆ ನಿರ್ಧಾರದಲ್ಲಿ ನಮ್ಮ ಪಾಲೂ ಇತ್ತೆಂಬ ಕಾರಣದಿಂದ ಈ ತಿಂಗಳ ಅಂಕಣವನ್ನು ಅದಕ್ಕಾಗಿಯೇ ಮೀಸಲಿಟ್ಟಿದ್ದೇವೆ.

ಸಂಗತಿ ಹೀಗಿದೆ. ನಮ್ಮ ಭಾಗದ ಒಂದು ಉಚಿತ ಪ್ರಸಾದ ನಿಲಯದ ಹಳೆಯ ವಿದ್ಯಾರ್ಥಿಗಳು ಸ್ಮರಣ ಗ್ರಂಥವೊಂದನ್ನು ಹೊರತರಲು ಸಂಕಲ್ಪಿಸಿ, ಅದರ ಸಂಪಾದನೆಯ ಹೊಣೆಯನ್ನು ನಮಗೆ ಒಪ್ಪಿಸಿದ್ದರು. ಸುಮಾರು 340 ಪುಟಗಳ ಗ್ರಂಥ. ಕರಡು ತಿದ್ದುವುದಕ್ಕೆ ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರ ಬಾಯಲ್ಲೂ ಬಂದದ್ದು ಒಂದೇ ಹೆಸರು. ಆ ನಿಲಯದಲ್ಲಿಯೇ ಉಂಡು ಬೆಳೆದು, ಮುಂದೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಮಾಸ್ತರರೊಬ್ಬರಿದ್ದಾರೆ. ಅವರ ಹೆಸರನ್ನು ಇಲ್ಲಿ ಬರೆಯಬಾರದೆಂಬುದು ಅವರ ಕಟ್ಟಪ್ಪಣೆ, ಆದುದರಿಂದ ಮಾಸ್ತರರೆಂದೇ ಕರೆಯುತ್ತೇವೆ. ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ, ಒತ್ತಕ್ಷರಗಳಲ್ಲಿ ಅವರ ಕಣ್ಣು ತಪ್ಪಿಸಿ ಒಂದು ದೋಷ ನುಸುಳಿತೆಂದರೆ ಅದು ದೋಷದ ಪುಣ್ಯವೆಂದೇ ತಿಳಿಯಬೇಕು.

ಹಿಂದಿನ ದಿನಗಳಾಗಿದ್ದರೆ ಮುದ್ರಣಾಲಯದಿಂದ ಕರಡಚ್ಚಿನ ಹಾಳೆಗಳ ಕಟ್ಟು ಅವರ ಮನೆಗೆ ಹೋಗುತ್ತಿತ್ತು. ಈಗ ನಾವು ಮಾಡಿದ್ದೇನೆಂದರೆ, ಪುಟಗಳನ್ನೆಲ್ಲ ಪಿಡಿಎಫ್ ರೂಪದಲ್ಲಿ ಅವರ ಲ್ಯಾಪ್‌ಟಾಪಿಗೆ ಕಳುಹಿಸಿ ಕೈತೊಳೆದುಕೊಂಡೆವು. ಅವರದು ಹಳೆಯ ಲ್ಯಾಪ್‌ಟಾಪು, ಪರದೆ 15.6 ಅಂಗುಲದ್ದು. ನಿವೃತ್ತಿ ವೇತನದಲ್ಲಿ ಉಳಿಸಿದ ಹಣದಿಂದ ಕೊಂಡದ್ದು. ಮೊದಲ ನಲವತ್ತು ಪುಟಗಳು ಬೇಗನೆ ಬಂದವು. ಆಮೇಲೆ ನಿಧಾನವಾಯಿತು. ಅಕ್ಷರ ಸಣ್ಣದಾಗಿ ಕಾಣುತ್ತದೆ, ದೊಡ್ಡದು ಮಾಡಿದರೆ ಪುಟ ಪೂರ್ತಿ ಕಾಣದು, ಮೇಲಕ್ಕೂ ಕೆಳಕ್ಕೂ ಸರಿಸುವಷ್ಟರಲ್ಲಿ ಸಾಲು ತಪ್ಪುತ್ತದೆ ಎಂದು ಅವರು ಒಮ್ಮೆ ದೂರವಾಣಿಯಲ್ಲಿ ಹೇಳಿದ್ದುಂಟು. ನಾವು ಅದನ್ನು ವಯಸ್ಸಿನ ಮಾತೆಂದು ತಿಳಿದೆವು. ಸಮಿತಿಯ ಸಭೆಯಲ್ಲಿ ಕೆಲಸವನ್ನು ಬೇರೆಯವರಿಗೆ ವಹಿಸೋಣವೇ ಎಂಬ ಮಾತೂ ಬಂದಿತು. ನಾವು ಅದನ್ನು ತಡೆಯಲಿಲ್ಲ.

ಅದೇ ವಾರ ಒಂದು ಮುಂಜಾನೆ ಮಾಸ್ತರರ ಮನೆಯ ಅಮ್ಮನವರು ಎಂದಿನಂತೆ ಮೇಜನ್ನೊರೆಸುತ್ತ ತೆರೆದೇ ಇದ್ದ ಲ್ಯಾಪ್‌ಟಾಪಿನ ಕೀಲಿಮಣೆಯ ಮೇಲೂ ಬಟ್ಟೆಯಾಡಿಸಿದರು. ಪರದೆಯ ಚಿತ್ರ ಒಂದು ಕ್ಷಣ ಕಪ್ಪಾಗಿ, ಮರುಕ್ಷಣ ಎಡಮಗ್ಗುಲಿಗೆ ಹೊರಳಿ ಮಲಗಿತು. ಅಕ್ಷರಗಳೆಲ್ಲ ಕೆಳಗಿನಿಂದ ಮೇಲಕ್ಕೆ ಹರಿಯತೊಡಗಿದವು. ಗಾಬರಿಯಿಂದ ಮುಚ್ಚಿ ತೆರೆದರೂ, ಆರಿಸಿ ಹಚ್ಚಿದರೂ ಅದು ಹಾಗೆಯೇ ಇತ್ತು. ಊರಿನ ಒಂದು ದುರಸ್ತಿ ಅಂಗಡಿಗೆ ಒಯ್ದಾಗ ಅಲ್ಲಿದ್ದಾತನು ಪರದೆಯೇ ಹೋಗಿದೆ, ಹೊಸದು ಹಾಕಬೇಕು, 6,500 ರೂಪಾಯಿ ಆಗುತ್ತದೆ ಎಂದನಂತೆ. ಅರಿಯದೆ ಹೇಳಿದನೋ ಅರಿತೇ ಹೇಳಿದನೋ, ನಾವು ತೀರ್ಪು ಕೊಡುವವರಲ್ಲ. ಮಾಸ್ತರರು ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಮರಳಿದರು. ಬೆಂಗಳೂರಿನಲ್ಲಿರುವ ಮಗನಿಗೆ ತಿಳಿಸಿದರೆ ಹಣ ಕಳುಹಿಸುತ್ತಾನೆ, ಕಳುಹಿಸುವ ಮುನ್ನ ಈ ವಯಸ್ಸಿನಲ್ಲಿ ಇದೆಲ್ಲ ಏಕೆ ಎಂದೂ ಕೇಳುತ್ತಾನೆ. ಆ ಎರಡನೆಯ ಮಾತಿಗೆ ಅಂಜಿ ಅವರು ಯಾರಿಗೂ ಹೇಳಲಿಲ್ಲ. ಕರಡಿನ ಕೆಲಸದಿಂದ ತಮ್ಮನ್ನು ಬಿಡುಗಡೆಗೊಳಿಸಬೇಕೆಂದು ನಮಗೊಂದು ಪತ್ರ ಬರೆದಿಟ್ಟರು.

ಬರೆದಿಟ್ಟರೇ ಹೊರತು ಅಂಚೆಗೆ ಹಾಕಲಿಲ್ಲ. ಒಪ್ಪಿಕೊಂಡ ಕೆಲಸವನ್ನು ನಡುವೆ ಬಿಟ್ಟು ರೂಢಿಯಿಲ್ಲದ ಮನುಷ್ಯರು. ಆ ರಾತ್ರಿ ನಿದ್ರೆ ಬಾರದೆ ಎದ್ದು, ಚಿತ್ರ ಮಗ್ಗುಲಾದರೆ ಯಂತ್ರವನ್ನೇ ಮಗ್ಗುಲಾಗಿಸಿದರಾಯಿತು ಎಂದುಕೊಂಡು ಲ್ಯಾಪ್‌ಟಾಪನ್ನು ಪುಸ್ತಕ ತೆರೆದಂತೆ ತೆರೆದು, ಅಂಚಿನ ಮೇಲೆ ನಿಲ್ಲಿಸಿದರು. ಒಂದು ಬದಿಗೆ ಪರದೆ, ಇನ್ನೊಂದು ಬದಿಗೆ ಕೀಲಿಮಣೆ. ಆಗ ಕಂಡದ್ದೇನು? ಗ್ರಂಥದ ಪುಟವು ತಲೆಯಿಂದ ಬುಡದವರೆಗೆ, ಮೇಲಿನ ಶೀರ್ಷಿಕೆಯಿಂದ ಕೆಳಗಿನ ಪುಟಸಂಖ್ಯೆಯವರೆಗೆ, ಹೆಚ್ಚುಕಡಿಮೆ ಕಾಗದದ ಹಾಳೆಯಷ್ಟೇ ದೊಡ್ಡದಾಗಿ ಕಣ್ಣೆದುರು ನಿಂತಿತ್ತು. ಅಂದು ಬೆಳಗಾಗುವುದರೊಳಗೆ ಅವರು ಹದಿನೆಂಟು ಪುಟ ಓದಿದರು. ತಪ್ಪುಗಳನ್ನು ಕಾಗದದ ಮೇಲೆ ಬರೆದುಕೊಂಡರು.

ನಾಲ್ಕನೆಯ ದಿನ ಬೆಳಗಾವಿಯಲ್ಲಿ ಓದುತ್ತಿರುವ ಮೊಮ್ಮಗಳು ರಜೆಗೆಂದು ಬಂದಳು. ಮೇಜಿನ ಮೇಲಿನ ದೃಶ್ಯವನ್ನು ನೋಡಿ, “ಅಜ್ಜಾ, ಇದನ್ಯಾಕ ಹಿಂಗ ನಿಲ್ಲಿಸೀರಿ?” ಎಂದು ಕೇಳಿದಳು. “ಕೆಟ್ಟದವಾ ಅದು,” ಎಂದರು ಮಾಸ್ತರರು, “ಆದರ ಭಾಳ ಛಂದಾಗಿ ಕೆಟ್ಟದ.”

ಅವಳು ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದಳು. ಚಿತ್ರ ನೆಟ್ಟಗಾಯಿತು. ಮಾಸ್ತರರು ಒಂದು ಗಳಿಗೆ ಸುಮ್ಮನಿದ್ದು, ಮತ್ತೆ ಮೊದಲಿನಂತೆ ಮಾಡಲು ಬರುತ್ತದೆಯೇ ಎಂದು ಕೇಳಿದರಂತೆ.

ಇಲ್ಲಿಂದ ಮುಂದೆ ಓದುಗ ಬಂಧುಗಳು ತಮ್ಮ ಮನೆಯ ಯಂತ್ರದ ಮುಂದೆ ಕುಳಿತೇ ಓದಿದರೆ ಅನುಕೂಲ.

ಆ ಮೂರು ಕೀಲಿಗಳು ಯಾವುವೆಂದರೆ ಕಂಟ್ರೋಲ್, ಆಲ್ಟ್ ಮತ್ತು ಬಾಣದ ಗುರುತಿನ ಕೀಲಿ. ಇಂಟೆಲ್ ಸಂಸ್ಥೆಯ ಚಿತ್ರಘಟಕವಿರುವ ಹಳೆಯ ವಿಂಡೋಸ್ ಯಂತ್ರಗಳಲ್ಲಿ ಕಂಟ್ರೋಲ್ ಮತ್ತು ಆಲ್ಟ್ ಕೀಲಿಗಳನ್ನು ಹಿಡಿದು ಮೇಲ್ಬಾಣವನ್ನೊತ್ತಿದರೆ ಚಿತ್ರ ನೆಟ್ಟಗೆ, ಕೆಳಬಾಣಕ್ಕೆ ತಲೆಕೆಳಗೆ, ಎಡಬಲ ಬಾಣಗಳಿಗೆ ಆಯಾ ಮಗ್ಗುಲಿಗೆ ಹೊರಳುತ್ತದೆ. ಈ ಮೂರೂ ಕೀಲಿಗಳಿರುವುದು ಕೀಲಿಮಣೆಯ ಕೊನೆಯ ಸಾಲಿನಲ್ಲಿ. ಒರೆಸುವ ಬಟ್ಟೆಯ ಕೆಳಗೆ ಅಂಗೈ ಆ ಸಾಲಿನ ಮೇಲೆ ಹಾದರೆ ಮೂರೂ ಒಟ್ಟಿಗೆ ಅದುಮಿಹೋಗುವುದು ಸೋಜಿಗವೇನಲ್ಲ. ಬೆಕ್ಕು ಮಲಗಿಯೂ, ಎಳೆಯ ಮಕ್ಕಳು ಆಡಿಯೂ ಇದು ಆಗುವುದುಂಟು. ಈಚಿನ ಯಂತ್ರಗಳಲ್ಲಿ ಈ ಮೂರು ಕೀಲಿಗಳ ಏರ್ಪಾಡು ಬಹುಮಟ್ಟಿಗೆ ಕೆಲಸ ಮಾಡುವುದಿಲ್ಲ. ಅದನ್ನು ಮೊದಲೇ ಮುಚ್ಚಿಟ್ಟಿರುತ್ತಾರೆ.

ಕೀಲಿಗಳು ಕೆಲಸ ಮಾಡದಿದ್ದರೆ ಇನ್ನೊಂದು ದಾರಿಯಿದೆ. ಅದು ವಿಂಡೋಸ್ 10 ಮತ್ತು 11 ಎರಡರಲ್ಲೂ ಸಲ್ಲುತ್ತದೆ. ಪರದೆಯ ಬರಿದಾದ ಜಾಗದಲ್ಲಿ ಮೌಸಿನ ಬಲಗುಂಡಿಯನ್ನೊತ್ತಿ ‘ಡಿಸ್‌ಪ್ಲೇ ಸೆಟ್ಟಿಂಗ್ಸ್’ ಎಂಬುದನ್ನು ತೆರೆದರೆ ಕೆಳಗೆ ‘ಡಿಸ್‌ಪ್ಲೇ ಓರಿಯೆಂಟೇಶನ್’ ಎಂಬ ಸಾಲು ಸಿಗುತ್ತದೆ. ಅದರಲ್ಲಿ ನಾಲ್ಕು ಆಯ್ಕೆಗಳು: ‘ಲ್ಯಾಂಡ್‌ಸ್ಕೇಪ್’ ಎಂದರೆ ಎಂದಿನ ಅಡ್ಡ ಚಿತ್ರ, ‘ಪೋರ್ಟ್ರೇಟ್’ ಎಂದರೆ ನೀಳ ಚಿತ್ರ, ‘ಫ್ಲಿಪ್ಡ್’ ಎಂಬ ಮಾತು ಸೇರಿದ ಇನ್ನೆರಡು ಅವುಗಳದೇ ತಲೆಕೆಳಗಾದ ರೂಪಗಳು. ಒಂದನ್ನು ಆಯ್ದೊಡನೆ ಚಿತ್ರ ಹೊರಳಿ, ಈ ಬದಲಾವಣೆಯನ್ನು ಇಟ್ಟುಕೊಳ್ಳಬೇಕೇ ಎಂಬ ಪ್ರಶ್ನೆ ಮೂಡುತ್ತದೆ. ಉತ್ತರಿಸದೆ 15 ಸೆಕೆಂಡು ಸುಮ್ಮನಿದ್ದರೆ ಯಂತ್ರವು ತಾನಾಗಿಯೇ ಹಿಂದಿನ ಸ್ಥಿತಿಗೆ ಮರಳುತ್ತದೆ. ಆದುದರಿಂದ ಪ್ರಯೋಗ ಮಾಡಿ ನೋಡುವುದಕ್ಕೆ ಹೆದರಬೇಕಾದುದಿಲ್ಲ. ಗಾಬರಿಗೊಂಡಾಗ ಕೈಕಟ್ಟಿ ಕುಳಿತುಕೊಳ್ಳುವುದೇ ಇಲ್ಲಿ ಪರಿಹಾರ!

ಒಂದು ತೊಡಕಿದೆ. ಚಿತ್ರ ಮಗ್ಗುಲಾದಾಗ ಬೆರಳಿಗೂ ಬಾಣಕ್ಕೂ ಹೊಂದಾಣಿಕೆ ತಪ್ಪುತ್ತದೆ. ಬೆರಳು ಬಲಕ್ಕೆ ಸರಿದರೆ ಪರದೆಯ ಮೇಲಿನ ಬಾಣವು ಮೇಲಕ್ಕೋ ಕೆಳಕ್ಕೋ ಹೋಗುತ್ತದೆ. ಯಂತ್ರವನ್ನು ಚಿತ್ರಕ್ಕೆ ತಕ್ಕಂತೆ ಹೊರಳಿಸಿ ನಿಲ್ಲಿಸಿಕೊಂಡು, ಅದರ ಸ್ಪರ್ಶಫಲಕವನ್ನು ಬಿಟ್ಟು ಪ್ರತ್ಯೇಕ ಮೌಸನ್ನು ಮೇಜಿನ ಮೇಲೆ ಆಡಿಸಿದರೆ ಎಲ್ಲವೂ ಸರಿಹೋಗುತ್ತದೆ. ಮಾಸ್ತರರು ಇದನ್ನು ತಾವಾಗಿಯೇ ಕಂಡುಕೊಂಡಿದ್ದರು.

ಆಪಲ್ ಸಂಸ್ಥೆಯ ಮ್ಯಾಕ್ ಯಂತ್ರಗಳಲ್ಲಿ ಹೊರಗಿನಿಂದ ಜೋಡಿಸಿದ ಮಾನಿಟರಿಗೆ ‘ಸಿಸ್ಟಮ್ ಸೆಟ್ಟಿಂಗ್ಸ್’ನ ‘ಡಿಸ್‌ಪ್ಲೇಸ್’ ಎಂಬಲ್ಲಿ ‘ರೊಟೇಶನ್’ ಸಿಗುತ್ತದೆ, ಅದರದೇ ಪರದೆಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಕ್ರೋಮ್‌ಬುಕ್‌ಗಳಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಸುರುಳಿಬಾಣದ ರಿಫ್ರೆಶ್ ಕೀಲಿ. ಮಡಚಿ ಟ್ಯಾಬ್ಲೆಟಿನಂತೆ ಹಿಡಿಯಬಹುದಾದ ಯಂತ್ರಗಳಲ್ಲಿ ಭೂಮಿಯ ಸೆಳೆತವನ್ನು ಅರಿಯುವ ಸಣ್ಣ ಬಿಡಿಭಾಗವೊಂದಿದ್ದು, ಮೊಬೈಲಿನಂತೆ ತಾನೇ ಹೊರಳಿಸುತ್ತದೆ. ಬೇಡವೆಂದರೆ ವಿಂಡೋಸ್ ಕೀಲಿಯೊಡನೆ ಇಂಗ್ಲಿಷಿನ ‘ಓ’ ಅಕ್ಷರವನ್ನೊತ್ತಿ ಬೀಗ ಹಾಕಬಹುದು.

ಈಗ ಅಂಗಡಿಯ ಮಾತಿಗೆ ಮರಳೋಣ. ಪರದೆ ನಿಜವಾಗಿ ಕೆಟ್ಟಿದೆಯೋ ಇಲ್ಲವೋ ಎಂಬುದನ್ನು ಮನೆಯಲ್ಲಿಯೇ ತಿಳಿಯಲು ಒಂದು ಸರಳವಾದ ಪರೀಕ್ಷೆಯುಂಟು. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿರಿ. ವಿಂಡೋಸ್ ಏಳುವ ಮುನ್ನ ತಯಾರಕರ ಗುರುತು ಪರದೆಯ ನಡುವೆ ಕ್ಷಣಕಾಲ ಮೂಡುತ್ತದೆ. ಆ ಗುರುತು ನೆಟ್ಟಗಿದ್ದು, ಆಮೇಲಿನ ಚಿತ್ರ ಮಾತ್ರ ಮಗ್ಗುಲಾದರೆ ಪರದೆಗೆ ಏನೂ ಆಗಿಲ್ಲವೆಂದೇ ಅರ್ಥ. ಕೆಟ್ಟ ಪರದೆಯಲ್ಲಿ ಗೆರೆಗಳು ಬೀಳುತ್ತವೆ, ಕಪ್ಪು ಕಲೆಗಳು ಹರಡುತ್ತವೆ, ಚಿತ್ರ ನಡುಗುತ್ತದೆ. ಕೆಟ್ಟ ಪರದೆಯು ಚಿತ್ರವನ್ನು ಒಂದಿಷ್ಟೂ ಕದಡದೆ ಅಚ್ಚುಕಟ್ಟಾಗಿ ಮಗ್ಗುಲಿಗೆ ಹೊರಳಿಸಿ ಕೊಡುವಷ್ಟು ಜಾಣತನವನ್ನು ಎಂದೂ ತೋರದು.

ಏಕೆಂದರೆ ಹೊರಳುವುದು ಪರದೆಯಲ್ಲ. ಎಷ್ಟೋ ಹಳೆಯ ಲ್ಯಾಪ್‌ಟಾಪುಗಳಲ್ಲಿರುವಂತೆ ಮಾಸ್ತರರ ಪರದೆಯಲ್ಲಿ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕೆಗಳು, ಒಟ್ಟು ಹತ್ತು ಲಕ್ಷಕ್ಕೂ ಮಿಗಿಲು. ಪರದೆಯು ಸದಾ ಒಂದೇ ಕ್ರಮದಲ್ಲಿ, ಸಾಲು ಸಾಲಾಗಿ ಅವುಗಳನ್ನು ಬೆಳಗಿಸುತ್ತದೆ. ಯಾವ ಚುಕ್ಕೆಗೆ ಯಾವ ಬಣ್ಣ ಎಂಬ ಲೆಕ್ಕವು ಯಂತ್ರದ ಸ್ಮೃತಿಕೋಶದಲ್ಲಿ ಸಿದ್ಧವಾಗುತ್ತದೆ. ಹೊರಳಿಸು ಎಂಬ ಆಜ್ಞೆ ಬಂದಾಗ ಆ ಲೆಕ್ಕದಲ್ಲಿಯೇ ಅಡ್ಡಸಾಲುಗಳು ಕಂಬಸಾಲುಗಳಾಗುತ್ತವೆ. ನಮ್ಮ ಇಳಕಲ್ಲಿನ ಮಗ್ಗವನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಹಾಸೂ ಅದೇ, ಹೊಕ್ಕೂ ಅದೇ, ಮಗ್ಗವು ಇದ್ದಲ್ಲಿಯೇ ಇದೆ. ನೇಕಾರನು ಮನಸ್ಸಿನಲ್ಲಿ ಹೂವನ್ನು ಅಡ್ಡಲಾಗಿ ಎಣಿಸಿಕೊಂಡರೆ ಸೀರೆಯಲ್ಲಿ ಹೂವು ಅಡ್ಡಲಾಗಿ ಮೂಡುತ್ತದೆ. ಅದಕ್ಕಾಗಿ ಮಗ್ಗವನ್ನೇ ಬದಲಿಸಬೇಕೆಂದು ಹೇಳುವವನಿಗೆ 6,500 ರೂಪಾಯಿ ಕೊಡುವವರುಂಟೆ?

ಇಷ್ಟಕ್ಕೆ ನಿಲ್ಲಿಸಿದ್ದರೆ ಇದು ದುರಸ್ತಿಯ ಕಥೆಯಷ್ಟೇ ಆಗುತ್ತಿತ್ತು. ಮಾಸ್ತರರಿಗೆ ಮಗ್ಗುಲಾದ ಪರದೆ ಏಕೆ ಅಷ್ಟು ಹಿಡಿಸಿತು ಎಂಬುದನ್ನು ನಾವು ಅಳತೆಪಟ್ಟಿ ಹಿಡಿದು ನೋಡಿದೆವು. ನೋಡಿದ ಮೇಲೆ ನಾಚಿಕೆಯಾಯಿತು.

15.6 ಅಂಗುಲದ ಪರದೆಯೆಂದರೆ ಅಗಲ ಸುಮಾರು 34.5 ಸೆಂಟಿಮೀಟರು, ಎತ್ತರ 19.4 ಸೆಂಟಿಮೀಟರು. ನಾವು ಕಳುಹಿಸಿದ ಪುಟ ಎ4 ಅಳತೆಯದು, ಅಂದರೆ ಅಗಲ 21, ಎತ್ತರ 29.7 ಸೆಂಟಿಮೀಟರು. ಆ ಪುಟವನ್ನು ಪೂರ್ತಿಯಾಗಿ ಅಡ್ಡ ಪರದೆಯಲ್ಲಿ ಕೂರಿಸಬೇಕಾದರೆ ಅದು ನಿಜದ ಅಳತೆಯ ನೂರಕ್ಕೆ 65ರಷ್ಟಕ್ಕೆ ಕುಗ್ಗಬೇಕು. ಮೇಲಿನ ಕೆಳಗಿನ ಪಟ್ಟಿಗಳು ತಿನ್ನುವ ಜಾಗವನ್ನು ಕಳೆದರೆ ಇನ್ನೂ ಕಡಿಮೆ. ಎರಡು ಬದಿಗೂ ಬರಿದಾದ ಬೂದುಬಣ್ಣದ ಬಯಲು. ಅದೇ ಪರದೆಯನ್ನು ಮಗ್ಗುಲಾಗಿಸಿದರೆ ಪುಟವು ನೂರಕ್ಕೆ 92ರಷ್ಟು ಅಳತೆಯಲ್ಲಿ ನಿಲ್ಲುತ್ತದೆ, ಮೇಲೆ ಕೆಳಗೆ ಜಾಗ ಇನ್ನೂ ಉಳಿಯುತ್ತದೆ. ವಿಸ್ತೀರ್ಣದಲ್ಲಿ ಹೇಳುವುದಾದರೆ ಪುಟ ಎರಡು ಪಟ್ಟಾಯಿತು. ಕಣ್ಣು ಮಂಜಾದದ್ದು ಮಾಸ್ತರರದಲ್ಲ. ಮೂರನೆಯ ಒಂದು ಭಾಗ ಕುಗ್ಗಿಸಿದ ಪುಟವನ್ನು ಕೊಟ್ಟು, ಓದಲಾರದ್ದು ನಿಮ್ಮ ವಯಸ್ಸಿನಿಂದ ಎಂದವರು ನಾವು.

ಕನ್ನಡದ ಓದಿಗೆ ಇದು ಇನ್ನೂ ಮುಖ್ಯ. ಇಂಗ್ಲಿಷಿನ ಅಕ್ಷರಗಳು ಒಂದರ ಪಕ್ಕದಲ್ಲೊಂದು ನಿಲ್ಲುತ್ತವೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ‘ಸ್ತ್ರೀ’ ಎಂದು ಬರೆದರೆ ಸಾಲಿನ ಕೆಳಗೆ ಎರಡು ಒತ್ತುಗಳು ಇಳಿಯುತ್ತವೆ. ಪುಟವನ್ನು ಕುಗ್ಗಿಸಿದಾಗ ಮೊದಲು ಮಸುಕಾಗುವುದು ಈ ಒತ್ತುಗಳೇ, ಕರಡು ತಿದ್ದುವವನು ಮೊದಲು ನೋಡಬೇಕಾದದ್ದೂ ಅವನ್ನೇ.

ಹಾಗಾದರೆ ಪರದೆಗಳು ಅಡ್ಡಲಾಗಿಯೇ ಏಕಿವೆ? ಮೊದಲಿನಿಂದಲೂ ಎಲ್ಲವೂ ಹಾಗೆ ಇರಲಿಲ್ಲ. 1973ರಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ ಝೆರಾಕ್ಸ್ ಸಂಸ್ಥೆಯ ಸಂಶೋಧನಾಲಯವು ‘ಆಲ್ಟೊ’ ಎಂಬ ಗಣಕಯಂತ್ರವನ್ನು ರೂಪಿಸಿತು. ಅದರ ಪರದೆಯಲ್ಲಿ ಅಡ್ಡಕ್ಕೆ 606, ಉದ್ದಕ್ಕೆ 808 ಚುಕ್ಕೆಗಳು. ಅದು ನಿಂತ ಕಾಗದದ ಹಾಳೆಯ ಆಕಾರ. ಕಾಗದದ ನಕಲು ತೆಗೆಯುವ ಯಂತ್ರಗಳಿಂದಲೇ ಹೆಸರಾದ ಸಂಸ್ಥೆಗೆ ಕಚೇರಿಯೆಂದರೆ ಹಾಳೆಯೆಂದು ತೋರಿದ್ದರಲ್ಲಿ ಆಶ್ಚರ್ಯವಿಲ್ಲ. 1989ರಲ್ಲಿ ಆಪಲ್ ಸಂಸ್ಥೆಯೂ ಅಡ್ಡಕ್ಕೆ 640, ಉದ್ದಕ್ಕೆ 870 ಚುಕ್ಕೆಗಳ ನೀಳ ಮಾನಿಟರೊಂದನ್ನು ಮಾರಿತು. ಆದರೆ ಹೆಚ್ಚಿನ ಮಾನಿಟರುಗಳು ದೂರದರ್ಶನದ ಪೆಟ್ಟಿಗೆಯ ಆಕಾರವನ್ನೇ ಹಿಡಿದವು. ದೂರದರ್ಶನವು 16ಕ್ಕೆ 9ರ ಅಗಲವಾದ ಅಳತೆಗೆ ಬಂದ ಮೇಲೆ, 2010ರ ಸುಮಾರಿಗೆ ಲ್ಯಾಪ್‌ಟಾಪುಗಳೂ ಬಹುಪಾಲು ಅದೇ ಆಕಾರಕ್ಕೆ ಬಂದವು. ಸಿನಿಮಾ ನೋಡುವವನಿಗೆ ಲಾಭವಾಯಿತು, ಕರಡು ನೋಡುವವನಿಗೆ ನಷ್ಟವಾಯಿತು.

ಬರಹದ ದಿಕ್ಕನ್ನು ಹೀಗೆ ವಸ್ತುವೇ ನಿರ್ಧರಿಸುವುದು ನಮಗೆ ಹೊಸದಲ್ಲ. ತಾಳೆಗರಿಯು ಸ್ವಭಾವತಃ ಉದ್ದವಾಗಿ, ಕಿರಿದಾಗಿ ಇರುವುದರಿಂದ ನಮ್ಮ ಹಿರಿಯರ ಬರಹವೆಲ್ಲ ಅಡ್ಡಲಾಗಿ, ನೀಳವಾದ ಕೆಲವೇ ಸಾಲುಗಳಲ್ಲಿ ಹರಿಯಿತು. 1923ರಲ್ಲಿ ಫ.ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದಾಗ, ಗರಿಗಳಲ್ಲಿ ಅಡ್ಡಲಾಗಿದ್ದ ವಚನಗಳು ಮುದ್ರಣದ ನಿಂತ ಪುಟಕ್ಕೆ ಬಂದವು. ಮನೆಮನೆಗಳಲ್ಲಿ ಗಂಟು ಕಟ್ಟಿಟ್ಟಿದ್ದ ಗರಿಗಳನ್ನು ಬಿಚ್ಚಿ, ಓದಿ, ಪ್ರತಿ ಮಾಡಿದ ಆ ಮಹನೀಯರ ಶ್ರಮದ ಮುಂದೆ ನಮ್ಮ ಪರದೆಯ ಪೇಚಾಟ ಏನೇನೂ ಅಲ್ಲ. ಆದರೆ ಗರಿಯನ್ನು ನಿಲ್ಲಿಸಿ ಓದಲಾಗದು, ಪರದೆಯನ್ನು ನಿಲ್ಲಿಸಬಹುದು.

ಲ್ಯಾಪ್‌ಟಾಪನ್ನು ಅಂಚಿನ ಮೇಲೆ ನಿಲ್ಲಿಸಿ ಓದುವುದನ್ನು ಮಾತ್ರ ನಾವು ಯಾರಿಗೂ ಸಲಹೆ ಮಾಡುವುದಿಲ್ಲ. ಬಿಸಿಗಾಳಿ ಹೊರಹೋಗುವ ಕಿಂಡಿ ಮುಚ್ಚಿಹೋಗುತ್ತದೆ, ಕೀಲಿಗೆ ಭಾರ ಬೀಳುತ್ತದೆ, ಕೈ ತಗುಲಿದರೆ ಉರುಳುತ್ತದೆ. ಮಾಸ್ತರರಿಗೂ ಮೊಮ್ಮಗಳು ಇದನ್ನೇ ಹೇಳಿದಳು. ಹೇಳಿ, ತಂದೆಗೆ ದೂರವಾಣಿ ಮಾಡಿದಳು. ಮಗ ಏನೆಂದಾನೋ ಎಂದು ಮಾಸ್ತರರು ಅಂಜಿದ್ದರಷ್ಟೆ? ಆತನು ಏನೂ ಅನ್ನಲಿಲ್ಲ. ತನ್ನ ಮನೆಯ ಮೂಲೆಯಲ್ಲಿ ಬಳಸದೆ ಇಟ್ಟಿದ್ದ 24 ಅಂಗುಲದ ಮಾನಿಟರನ್ನು ಮುಂದಿನ ವಾರವೇ ತಂದು ಜೋಡಿಸಿಕೊಟ್ಟು ಹೋದನು. ನಾಲ್ಕು ದಿನ ಮುಚ್ಚಿಟ್ಟದ್ದಕ್ಕೆ ಮಾತ್ರ ಆತನಿಗೆ ಬೇಸರವಾಗಿತ್ತೆಂದು ಅಮ್ಮನವರು ಆಮೇಲೆ ನಮಗೆ ಹೇಳಿದರು.

ಹೊರಗಿನ ಮಾನಿಟರನ್ನು ಇದಕ್ಕಾಗಿಯೇ ಕೊಳ್ಳುವವರು ಗಮನಿಸಬೇಕಾದ ಸಂಗತಿಗಳಿವೆ. ಎಲ್ಲ ಮಾನಿಟರುಗಳ ಕಾಲೂ ಹೊರಳುವುದಿಲ್ಲ. ಪೆಟ್ಟಿಗೆಯ ಮೇಲೆ ‘ಪಿವಟ್’ ಎಂದು ಬರೆದಿರಬೇಕು. ಇಲ್ಲದಿದ್ದರೆ ಬೆನ್ನಿನಲ್ಲಿ ನಾಲ್ಕು ತಿರುಪುಗಳ ಚೌಕ ರಂಧ್ರಗಳಿವೆಯೇ ನೋಡಬೇಕು. ಸಾಮಾನ್ಯವಾಗಿ 100 ಮಿಲಿಮೀಟರು ಅಂತರದಲ್ಲಿರುವ ಈ ರಂಧ್ರಗಳಿಗೆ ಹೊರಳುವ ತೋಳನ್ನು ಪ್ರತ್ಯೇಕವಾಗಿ ತಂದು ಕೂರಿಸಬಹುದು. ಎರಡನೆಯದಾಗಿ, ಫಲಕವು ‘ಐಪಿಎಸ್’ ಬಗೆಯದಾಗಿದ್ದರೆ ಒಳ್ಳೆಯದು. ಅಗ್ಗದ ‘ಟಿಎನ್’ ಫಲಕವನ್ನು ಕೆಳಗಿನಿಂದ ನೋಡಿದರೆ ಬಣ್ಣ ಕಪ್ಪಿಡುತ್ತದೆ. ಅದನ್ನು ಹೊರಳಿಸಿದಾಗ ಈ ದೋಷವು ಪಕ್ಕಕ್ಕೆ ಬಂದು, ಎಡಗಣ್ಣಿಗೊಂದು ಬೆಳಕು ಬಲಗಣ್ಣಿಗೊಂದು ಬೆಳಕು ಕಂಡು ತಲೆನೋವು ತರುತ್ತದೆ.

ಹೊರಳಿಸುವಾಗ ಮೊದಲು ಮಾನಿಟರನ್ನು ಪೂರ್ತಿ ಮೇಲಕ್ಕೆತ್ತಿ, ಸ್ವಲ್ಪ ಹಿಂದಕ್ಕೆ ಬಾಗಿಸಿ, ಆಮೇಲೆ ತಿರುಗಿಸಬೇಕು. 24 ಅಂಗುಲದ ಮಾನಿಟರಿನ ಮೂಲೆಯಿಂದ ಮೂಲೆಗೆ 61 ಸೆಂಟಿಮೀಟರು. ನಡುಬಿಂದು ಮೇಜಿನಿಂದ 31 ಸೆಂಟಿಮೀಟರಾದರೂ ಮೇಲಿರದಿದ್ದರೆ ತಿರುಗುವ ಮೂಲೆ ಮೇಜಿಗೆ ಬಡಿಯುತ್ತದೆ. ತಂತಿಗಳನ್ನು ಸಡಿಲವಾಗಿ ಬಿಟ್ಟಿರಬೇಕು. ಮಾನಿಟರನ್ನು ಕೈಯಿಂದ ತಿರುಗಿಸಿದೊಡನೆ ಚಿತ್ರವೂ ತಾನೇ ತಿರುಗುತ್ತದೆಂದು ತಿಳಿಯಬಾರದು. ಹೆಚ್ಚಿನವುಗಳಲ್ಲಿ ಮೇಲೆ ಹೇಳಿದ ‘ಡಿಸ್‌ಪ್ಲೇ ಓರಿಯೆಂಟೇಶನ್’ಗೆ ಹೋಗಲೇಬೇಕು. ಅಲ್ಲಿ 1, 2 ಎಂದು ಅಂಕೆ ಬರೆದ ಚೌಕಗಳಲ್ಲಿ ಹೊರಗಿನ ಮಾನಿಟರಿನದನ್ನೇ ಮೊದಲು ಆರಿಸಿಕೊಳ್ಳಬೇಕು, ಇಲ್ಲವಾದರೆ ಲ್ಯಾಪ್‌ಟಾಪಿನದು ಹೊರಳಿ ಕುಳಿತೀತು. ಆ ಚೌಕಗಳನ್ನೇ ಎಳೆದು ಮೇಜಿನ ಮೇಲೆ ಇರುವಂತೆ ಎಡಬಲ ಜೋಡಿಸಿದರೆ ಬಾಣವು ಒಂದು ಪರದೆಯಿಂದ ಇನ್ನೊಂದಕ್ಕೆ ತಡೆಯಿಲ್ಲದೆ ದಾಟುತ್ತದೆ. ಒಂದು ನೀಳ, ಒಂದು ಅಡ್ಡ ಆದಾಗ ಅಂಚುಗಳು ಸಮನಾಗಿರದೆ ಕೆಲವೆಡೆ ಬಾಣ ಗೋಡೆಗೆ ತಾಗಿದಂತೆ ನಿಲ್ಲುವುದು ಸಹಜ.

24 ಅಂಗುಲದ ಮಾನಿಟರನ್ನು ನಿಲ್ಲಿಸಿದಾಗ ಅದರ ಅಗಲ ಸುಮಾರು 30, ಎತ್ತರ 53 ಸೆಂಟಿಮೀಟರು. ಎ4 ಪುಟವು ಅದರಲ್ಲಿ ಎ3 ಹಾಳೆಯಷ್ಟು ದೊಡ್ಡದಾಗಿ, ಅಂದರೆ ನಿಜದ ಎರಡು ಪಟ್ಟು ವಿಸ್ತೀರ್ಣದಲ್ಲಿ ಕಾಣುತ್ತದೆ. ಮಾಸ್ತರರು ಅದನ್ನು ಮೊದಲು ಕಂಡಾಗ ಗೋಡೆಗೆ ಹಚ್ಚಿದ ಜಾಹೀರಾತಿನಂತಿದೆ ಎಂದು ನಕ್ಕರಂತೆ. ನಗು ಒಂದು ವಾರ ಬಾಳಿತು. ಆಮೇಲೆ ಕತ್ತು ನೋಯತೊಡಗಿತು.

ಕಾರಣವನ್ನು ಅರಿಯುವುದು ಕಷ್ಟವಾಗಲಿಲ್ಲ. ಎರಡು ಭಾಗದ ಕನ್ನಡಕ ಹಾಕುವವರು ಓದುವುದು ಗಾಜಿನ ಕೆಳಭಾಗದಿಂದ. ನೀಳ ಪರದೆಯ ಮೇಲ್ತುದಿ ಕಣ್ಣಿಗಿಂತ ಮೇಲಿದ್ದರೆ ಅಲ್ಲಿಯ ಸಾಲನ್ನು ಓದಲು ಗಲ್ಲವನ್ನೆತ್ತಿ ಹಿಡಿಯಬೇಕಾಗುತ್ತದೆ. ಪರದೆಯ ಕೆಳಅಂಚು ಮೇಜಿಗೆ ತಾಗುವಷ್ಟು ಇಳಿಸಿ, ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಕೆಳಗೆ ಬರುವಂತೆ ಮಾಡಬೇಕು. ಅಷ್ಟಾದರೂ ಎತ್ತರವೆನಿಸಿದರೆ ಕುರ್ಚಿಯ ಮೇಲೆ ಒಂದು ದಿಂಬು. ಮಾಸ್ತರರು ದಿಂಬು ಹಾಕಿಕೊಂಡಿದ್ದಾರೆ. ಪುಟವನ್ನು ಪರದೆಯ ಕೆಳಗಿನ ಮುಕ್ಕಾಲು ಭಾಗದಲ್ಲಿಟ್ಟುಕೊಂಡು, ಮೇಲ್ತುದಿಯಲ್ಲಿ ನಿಘಂಟನ್ನು ತೆರೆದಿಡುತ್ತಾರೆ.

ಇನ್ನೊಂದು ಸೂಕ್ಷ್ಮ ಸಂಗತಿ. ಪರದೆಯ ಒಂದೊಂದು ಚುಕ್ಕೆಯೂ ಸಾಮಾನ್ಯವಾಗಿ ಕೆಂಪು, ಹಸಿರು, ನೀಲಿ ಎಂಬ ಮೂರು ನಿಂತ ಗೆರೆಗಳಿಂದಾದುದು. ಅಕ್ಷರದ ಅಂಚನ್ನು ನಯಗೊಳಿಸಲು ವಿಂಡೋಸ್ ಈ ಗೆರೆಗಳ ಲೆಕ್ಕವನ್ನು ಬಳಸುತ್ತದೆ. ಪರದೆ ಹೊರಳಿದಾಗ ಗೆರೆಗಳು ಮಲಗುವುದರಿಂದ ಅಕ್ಷರದಂಚು ತುಸು ಒರಟಾಗಿ ಕಂಡೀತು. ಹುಡುಕುವ ಪಟ್ಟಿಯಲ್ಲಿ ‘ಕ್ಲಿಯರ್‌ಟೈಪ್’ ಎಂದು ಬೆರಳಚ್ಚಿಸಿ, ಅದು ತೋರುವ ಮಾದರಿಗಳಲ್ಲಿ ಕಣ್ಣಿಗೆ ಹಿತವಾದುದನ್ನು ಆರಿಸಿಕೊಂಡರೆ ಎಷ್ಟೋ ಮೇಲು.

ಹಾಗೆಯೇ, ಹೊರಳಿಸಬೇಕಾದದ್ದು ಯಾವುದು ಎಂಬುದನ್ನು ಮೊದಲು ತಿಳಿಯಬೇಕು. ಸ್ಕ್ಯಾನ್ ಮಾಡಿದ ಹಳೆಯ ಕಾಗದವೊಂದು ಪಿಡಿಎಫ್‌ನಲ್ಲಿ ಅಡ್ಡಲಾಗಿ ಕಂಡರೆ ಅದಕ್ಕಾಗಿ ಪರದೆಯನ್ನೇ ತಿರುಗಿಸುವುದು ಸಲ್ಲದು. ಅಡೋಬಿ ರೀಡರಿನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಕೂಡುಚಿಹ್ನೆಯ ಕೀಲಿಗಳನ್ನೊತ್ತಿದರೆ ಆ ಪುಟಗಳಷ್ಟೇ ತಿರುಗುತ್ತವೆ. ಪ್ರವಚನ ಮಂದಿರಗಳಲ್ಲಿ ಚಾವಣಿಗೆ ತೂಗುಹಾಕಿದ ಪ್ರೊಜೆಕ್ಟರಿನ ಚಿತ್ರ ತಲೆಕೆಳಗಾಗಿ ಬಿದ್ದಾಗಲೂ ಲ್ಯಾಪ್‌ಟಾಪಿನ ತಪ್ಪಿಲ್ಲ. ಪ್ರೊಜೆಕ್ಟರಿನ ಪಟ್ಟಿಯಲ್ಲಿಯೇ ‘ಸೀಲಿಂಗ್’ ಎಂಬ ಆಯ್ಕೆಯಿರುತ್ತದೆ. ಕಾರ್ಯಕ್ರಮ ಆರಂಭವಾದ ಮೇಲೆ ವೇದಿಕೆಯ ಮುಂದೆ ನಾಲ್ವರು ಓಡಾಡುವುದಕ್ಕಿಂತ ಹಿಂದಿನ ದಿನವೇ ಇದನ್ನು ನೋಡಿಕೊಳ್ಳುವುದು ಲೇಸು.

ಮಾಸ್ತರರು ಬರೆದಿಟ್ಟಿದ್ದ ಬಿಡುಗಡೆಯ ಪತ್ರವು ನಮ್ಮ ಕೈಸೇರಿದ್ದು ಈ ಎಲ್ಲವೂ ಮುಗಿದ ಮೇಲೆ. ಅಮ್ಮನವರು ಹಳೆಯ ಪುಸ್ತಕದ ನಡುವೆ ಅದನ್ನು ಕಂಡು, ಚಹಾಕ್ಕೆ ಹೋಗಿದ್ದ ನಮ್ಮ ಮುಂದಿಟ್ಟರು. “ಕಣ್ಣು ಸಹಕರಿಸುತ್ತಿಲ್ಲವಾದ್ದರಿಂದ” ಎಂದು ಅದು ಆರಂಭವಾಗಿತ್ತು. ನಾವು ಮುಂದೆ ಓದಲಾರದೆ ಮಡಚಿ ಕೊಟ್ಟೆವು. ಸಮಿತಿಯಲ್ಲಿ ನಡೆದ ಮಾತನ್ನು ಅಂದೇ ಅವರಿಗೆ ಹೇಳಿ ಕ್ಷಮೆ ಕೇಳಿದೆವು. ಅವರು ಅದನ್ನು ಕೇಳಿಸಿಕೊಳ್ಳದವರಂತೆ, ‘ಶ’ಕಾರ ‘ಷ’ಕಾರಗಳ ವಿಷಯದಲ್ಲಿ ನಮ್ಮ ಬೆರಳಚ್ಚುಗಾರರ ಅನಾದರವನ್ನು ಕುರಿತು ಅರ್ಧ ಗಂಟೆ ಮಾತನಾಡಿದರು.

340 ಪುಟಗಳ ಕರಡು ಮೊನ್ನೆ ಪೂರ್ತಿಯಾಗಿ ಮರಳಿ ಬಂದಿದೆ. ಜೊತೆಗೆ ಒಂಬತ್ತು ಹಾಳೆಗಳ ತಿದ್ದುಪಡಿಯ ಪಟ್ಟಿ. ಅದರ ಕೊನೆಯಲ್ಲಿ, ಪ್ರಸಾದ ನಿಲಯದ ಹಳೆಯ ಪಂಕ್ತಿಯ ಭಾವಚಿತ್ರವಿರುವ ಪುಟವನ್ನು ಕುರಿತು ಮಾಸ್ತರರು ಹೀಗೆ ಬರೆದಿದ್ದಾರೆ: “ಈ ಪುಟದಲ್ಲಿ ಉಣ್ಣಲು ಕುಳಿತವರೆಲ್ಲ ಮಗ್ಗುಲಾಗಿ ಮಲಗಿದ್ದಾರೆ. ನನ್ನ ಪರದೆಯನ್ನು ನಾಲ್ಕೂ ದಿಕ್ಕಿಗೆ ಹೊರಳಿಸಿ ನೋಡಿ ಖಚಿತಪಡಿಸಿಕೊಂಡಿದ್ದೇನೆ. ಈ ಸಲ ತಿರುಗಿಸಬೇಕಾದವರು ತಾವು.”